ಹಾಸುವ ಕಂಬಳಿ, ಹೊದೆಯುವ ಕಂಬಳಿ

ಐವತ್ತೊಂದನೆಯ ವಯಸ್ಸಿನಲ್ಲಿ ನಮ್ಮ ಮನೆಯವರಿಗೆ ನಿದ್ದೆಯ ಪರೀಕ್ಷೆಯೊಂದು ಬಂತು. ಆಸ್ಪತ್ರೆಯವರು ಮಾಡುವಂಥದ್ದಲ್ಲ. ಇಲ್ಲಿ ಚಳಿಗಾಲವಾದ ಜುಲೈ ತಿಂಗಳಿನಲ್ಲಿ, ಕ್ಯಾನ್ವಾಸ್ ಟೆಂಟಿನೊಳಗೆ, ನೂರೈವತ್ತು ವರ್ಷದ ಹಿಂದಿನವರು ಉಟ್ಟು ಹೊದೆಯುತ್ತಿದ್ದಂಥ ಬಟ್ಟೆಗಳಲ್ಲೇ ಎರಡು ರಾತ್ರಿ ಮಲಗಬೇಕು; ಬೆಳಿಗ್ಗೆ ಕೊಡಲಿ ಹಿಡಿದು ಸೌದೆ ಒಡೆಯುವಷ್ಟು ಗಟ್ಟಿಯಾಗಿ ಏಳಬೇಕು. ಅಷ್ಟೇ ಪರೀಕ್ಷೆ. ಹಿಂದಿನ ವರ್ಷ ಅದರಲ್ಲಿ ಅವರು ಫೇಲಾಗಿದ್ದರು.

ನಾವಿರುವುದು ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ. ಅಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆ ಹೋದರೆ ಒಂದು ಕಾಲಕ್ಕೆ ಚಿನ್ನ ಅಗೆಯುತ್ತಿದ್ದ ಗುಡ್ಡಗಳು ಸಿಗುತ್ತವೆ. ಅಂಥದೊಂದು ಗುಡ್ಡದ ತಪ್ಪಲಿನಲ್ಲಿ ಕೆಲವರು ಸೇರಿ ಆ ಕಾಲದ ಬಿಡಾರವನ್ನು ಇದ್ದ ಹಾಗೆಯೇ ಕಟ್ಟಿದ್ದಾರೆ. ಸಾಲು ಟೆಂಟುಗಳು, ಒಂದು ಕಮ್ಮಾರನ ಚಪ್ಪರ, ಒಂದು ಲಾಯ, ಅದರಲ್ಲಿ ಎರಡು ಮುದಿ ಕುದುರೆ. ಶನಿವಾರ ಭಾನುವಾರ ಸ್ವಯಂಸೇವಕರು ಹಳೆಯ ಕಾಲದ ವೇಷದಲ್ಲಿ ನಿಂತು, ಬಂದ ಮಕ್ಕಳಿಗೆ ಬೆಂಕಿ ಹಚ್ಚುವುದು, ಕೆಂಡದಲ್ಲಿ ರೊಟ್ಟಿ ಸುಡುವುದು, ಬಾಣಲೆಯಂಥ ತಟ್ಟೆಯಲ್ಲಿ ಮಣ್ಣು ತೊಳೆದು ಚಿನ್ನ ಹುಡುಕುವುದು ಇದನ್ನೆಲ್ಲ ತೋರಿಸುತ್ತಾರೆ. ನಮ್ಮವರು ಮೂರು ವರ್ಷದಿಂದ ಅಲ್ಲಿಗೆ ಹೋಗುತ್ತಿದ್ದರು. ಆಫೀಸಿನಲ್ಲಿ ಅವರದು ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸ. ಅಲ್ಲಿಂದ ಬಂದ ದಿನ ಊಟದ ಮೇಜಿನಲ್ಲಿ ಮಾತೇ ಇರುವುದಿಲ್ಲ. ಗುಡ್ಡದಿಂದ ಬಂದ ದಿನ ಮಾತ್ರ ಸಾರು ಆರಿ ತಣ್ಣಗಾದರೂ ಮಾತು ನಿಲ್ಲುವುದಿಲ್ಲ. ಹಾಗಾಗಿ ಹೊಗೆ ಹಿಡಿದ ಅವರ ಬಟ್ಟೆಯನ್ನು ಬೇರೆಯಾಗಿ ಒಗೆಯುವುದಕ್ಕೆ ನಾನು ಯಾವತ್ತೂ ಗೊಣಗಿದವಳಲ್ಲ.

ಅವರಿಗೆ ಬೇಕಾಗಿದ್ದದ್ದು ಶಾಲೆಯ ಮಕ್ಕಳನ್ನು ರಾತ್ರಿ ಉಳಿಸಿಕೊಳ್ಳುವ ಕ್ಯಾಂಪಿನ ಜವಾಬ್ದಾರಿ. ಇಲ್ಲಿನ ವಸಂತದಲ್ಲಿ, ಸೆಪ್ಟೆಂಬರಿನಲ್ಲಿ, ಅದು ಶುರುವಾಗುತ್ತದೆ. ಆದರೆ ಅದಕ್ಕೆ ಮುಂಚೆ ಚಳಿಗಾಲದ ಎರಡು ರಾತ್ರಿ ದಾಟಿ ತೋರಿಸಬೇಕೆಂಬುದು ಆ ತಂಡದ ಕಟ್ಟಳೆ. ಹಿಂದಿನ ವರ್ಷ ಇವರು ಚಳಿ ತಡೆಯಲಾರದೆ ಬೆಂಕಿಯ ಮುಂದೆಯೇ ಬೆಳಗು ಮಾಡಿದ್ದರು. ಬೆಳಗಿನ ಚಹಕ್ಕೆಂದು ಇಟ್ಟಿದ್ದ ಸೌದೆಯೂ ಮುಗಿದಿತ್ತು. ಮಾರನೆಯ ದಿನ ಕೈಗೊಡಲಿ ತೊಡೆಯ ಮೇಲಿಟ್ಟುಕೊಂಡು ಮರದ ದಿಮ್ಮಿಯ ಮೇಲೆ ತೂಕಡಿಸುತ್ತಿದ್ದರಂತೆ. ತಂಡವನ್ನು ನೋಡಿಕೊಳ್ಳುವ ಹಿರಿಯಾಕೆ ನಿವೃತ್ತ ನರ್ಸ್, ಬಿಳಿಯ ಜಡೆಯ ಗಟ್ಟಿ ಹೆಂಗಸು. ರಾತ್ರಿ ನಿದ್ದೆ ಮಾಡದವರನ್ನು ಬೆಂಕಿ, ಕೊಡಲಿ, ಮಕ್ಕಳು ಈ ಮೂರರ ನಡುವೆ ಬಿಡಲಾರೆ, ಇನ್ನೊಂದು ವರ್ಷ ನೋಡೋಣ, ಆಗದಿದ್ದರೆ ಹಗಲಿನ ಕೆಲಸ ಇದ್ದೇ ಇದೆ ಎಂದಿದ್ದರು. ನೋಯಿಸದ ಹಾಗೆ ಹೇಳಿದ್ದಕ್ಕೇ ಇವರಿಗೆ ಜಾಸ್ತಿ ನೋವಾಗಿತ್ತು.

ಈ ವರ್ಷ ನಾನೂ ಜೊತೆಗೆ ಹೊರಟೆ. ಮೇ ತಿಂಗಳಿನಿಂದಲೇ ಸಿದ್ಧತೆ. ಅಲ್ಲಿ ಪ್ಲಾಸ್ಟಿಕ್, ನೈಲಾನ್, ಜಿಪ್ ಯಾವುದೂ ಸಲ್ಲದು. ಉಣ್ಣೆ, ಹತ್ತಿ, ಚರ್ಮ, ಕ್ಯಾನ್ವಾಸ್ ಇಷ್ಟೇ. ಹಿಂದಿನ ವರ್ಷ ಇವರು ಹಾಕಿಕೊಂಡು ಹೋಗಿದ್ದ ಮಂಕಿ ಕ್ಯಾಪನ್ನು ಹಿರಿಯಾಕೆ ಎರಡು ಬೆರಳಲ್ಲಿ ಹಿಡಿದು, ಇದು ಕುರಿಯ ಮೈಮೇಲೆ ಯಾವತ್ತೂ ಇದ್ದದ್ದಲ್ಲ ಎಂದು ತೆಗೆದಿಟ್ಟಿದ್ದರಂತೆ. ಅದಕ್ಕೇ ನಾನು ಉಣ್ಣೆಯ ದಾರ ತಂದು ಟೋಪಿ, ಮೊಣಕಾಲಿನವರೆಗೆ ಬರುವ ಕಾಲುಚೀಲ ಹೆಣೆದೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ದಪ್ಪ ಉಣ್ಣೆಯ ಪ್ಯಾಂಟು, ನಾಲ್ಕು ಬೂದು ಬಣ್ಣದ ಬ್ಲಾಂಕೆಟ್ಟು ಸಿಕ್ಕವು. ಸ್ನಾನದ ತೊಟ್ಟಿಯಲ್ಲಿ ತಣ್ಣೀರು ತುಂಬಿ, ಬ್ಲಾಂಕೆಟ್ಟುಗಳನ್ನು ಹಿಂಡದೆ ತುಳಿದು ತೊಳೆದೆ. ಒಣಗುವುದಕ್ಕೆ ಐದು ದಿನ ಬೇಕಾಯಿತು. ಮೆಲ್ಬರ್ನಿನ ಬಿಸಿಲನ್ನು ನಂಬಿ ಬಟ್ಟೆ ಹರವಿದವರಿಗೆ ಅದು ಗೊತ್ತಿರುತ್ತದೆ. ಮಳೆಗೆಂದು ಎಣ್ಣೆ ಹಿಡಿಸಿದ ಕ್ಯಾನ್ವಾಸಿನ ಉದ್ದ ಕೋಟು ಅವರಲ್ಲಿ ಮೊದಲೇ ಇತ್ತು. ಅದರ ವಾಸನೆಗೆ ಗರಾಜೇ ಸರಿ ಎಂದು ಅಲ್ಲೇ ತೂಗುಹಾಕಿದ್ದೆ.

ಕಂಬಳಿ ಬಂದದ್ದು ಸಿಡ್ನಿಯಿಂದ. ನನ್ನ ಅಕ್ಕ ಇರುವುದು ಅಲ್ಲಿನ ಕ್ವೇಕರ್ಸ್ ಹಿಲ್‌ನಲ್ಲಿ. ಅವಳ ಅತ್ತೆ ಹಿಂದೊಮ್ಮೆ ಬಂದಾಗ ಚಳ್ಳಕೆರೆಯ ಕರಿ ಕಂಬಳಿಯೊಂದನ್ನು ತಂದಿದ್ದರು. ಏರ್‌ಪೋರ್ಟಿನಲ್ಲಿ ಉಣ್ಣೆ ಎಂದು ಬರೆದುಕೊಟ್ಟಿದ್ದಕ್ಕೆ ಅಧಿಕಾರಿ ಅದನ್ನು ಪೂರ್ತಿ ಬಿಚ್ಚಿ, ಕೊಡವಿ, ಮೂಸಿ, ಅವರಿಗಿಂತ ಚೆನ್ನಾಗಿ ಮಡಚಿ ಕೊಟ್ಟನಂತೆ. ಸಿಡ್ನಿಯ ಚಳಿಗೆ ಅಷ್ಟು ದಪ್ಪದ್ದು ಬೇಕಾಗದೆ ಕಪಾಟಿನಲ್ಲೇ ಉಳಿದಿತ್ತು. ಫೋನಿನಲ್ಲಿ ನಮ್ಮವರ ಪರೀಕ್ಷೆಯ ಸುದ್ದಿ ಹೇಳಿದಾಗ ಅಕ್ಕ ನಕ್ಕಳು.

“ದುಡ್ಡು ಕೊಟ್ಟು ಬೆಚ್ಚಗಿನ ಮನೆ ತಗೊಂಡು ಹೊರಗಡೆ ಹೋಗಿ ನಡುಗೋ ಗಂಡನ್ನ ಎಲ್ಲಿ ಹುಡುಕಿದ್ಯೇ? ಕಂಬಳಿ ಕಳಿಸ್ತೀನಿ ಬಿಡು. ನನ್ನ ಕಪಾಟಿಗೂ ಸ್ವಲ್ಪ ಗಾಳಿ ಬರ್ಲಿ.”

ಜೂನ್ ತಿಂಗಳಲ್ಲಿ ಮೂರು ದಿನ ರಜೆ ಕೂಡಿಬಂದ ವಾರಾಂತ್ಯಕ್ಕೆ ಭಾವ ಕಾರಿನಲ್ಲಿ ಬಂದಾಗ ಅದು ನಮ್ಮ ಮನೆ ಸೇರಿತು. ನಮ್ಮವರು ಹಾಲ್‌ನಲ್ಲಿ ನಿಂತು ಅದನ್ನು ಬಿಚ್ಚಿ, ಮುಖಕ್ಕೆ ಒತ್ತಿಕೊಂಡರು. ಆಮೇಲೆ ಒಂದು ತುದಿಯನ್ನು ಒಳಕ್ಕೆ ಮಡಚಿ ಕೊಪ್ಪೆ ಮಾಡಿ ತಲೆಯ ಮೇಲಿಂದ ಬೆನ್ನಿಗೆ ಇಳಿಬಿಟ್ಟರು. ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದ್ದೇನೆ, ಕೊಪ್ಪೆ ಹಾಕಿದ ಅವರನ್ನು ಅವತ್ತೇ ಮೊದಲು ನೋಡಿದ್ದು. ಅವರದು ಶಿರಾ ಕಡೆಯ ಕುರಿ ಸಾಕುವ ಮನೆ. ಆಫೀಸಿನಲ್ಲಿ ಯಾರಿಗೂ ಆ ಸಂಗತಿ ಗೊತ್ತಿಲ್ಲ, ಕೇಳಿದವರೂ ಇಲ್ಲ. ಅವರ ತಾತನ ಹೆಗಲಿನಿಂದ ಕಂಬಳಿ ಇಳಿದದ್ದನ್ನೇ ಅವರು ಕಂಡಿಲ್ಲವಂತೆ. ಬಿಸಿಲಿಗೂ ಅದೇ, ಮಳೆಗೂ ಅದೇ, ಕುರಿ ಹಿಂದೆ ಹೊರಟರೆ ರಾತ್ರಿಗೂ ಅದೇ.

ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ನಮ್ಮ ಮನೆಯಲ್ಲೂ ಒಂದು ಕಂಬಳಿ ಇತ್ತು, ಆದರೆ ಯಾರೂ ಅದನ್ನು ಮೈಮೇಲೆ ಹಾಕಿಕೊಂಡದ್ದಿಲ್ಲ. ನಾಲ್ಕು ಮಡಿಕೆ ಮಾಡಿ ಗೋಡೆಗೆ ಒರಗಿಸಿರುತ್ತಿದ್ದರು. ಹಿರಿಯರು ಬಂದರೆ ಹಾಸಿ ಕೂರಿಸುತ್ತಿದ್ದರು. ಆ ನೆನಪಿನಿಂದಲೇ ನಾನು, ಇದನ್ನು ಕೆಳಗೆ ಹಾಸಿಕೊಳ್ಳಿ, ಹೊದೆಯಲು ಬ್ಲಾಂಕೆಟ್ಟುಗಳಿವೆ ಎಂದೆ.

“ಕಂಬಳಿ ಹೊದೆಯೋದು ಕಣೇ. ಹಾಸೋಕೆ ಕ್ಯಾನ್ವಾಸ್ ಇದೆ.”

“ನಮ್ಮನೇಲಿ ಹಾಸ್ತಿದ್ರು ರೀ.”

“ನಿಮ್ಮನೇಲಿ ಕುರಿ ಇದ್ವಾ?”

ಅಲ್ಲಿಗೆ ವಾದ ಮುಗಿಯಿತು.

ಜುಲೈನ ಒಂದು ಶುಕ್ರವಾರ ಮಧ್ಯಾಹ್ನ ಗುಡ್ಡ ಸೇರಿದೆವು. ಹಿರಿಯಾಕೆ ಪ್ರತಿಯೊಂದನ್ನೂ ಮುಟ್ಟಿ ನೋಡಿದರು. ಕಂಬಳಿಯ ಹತ್ತಿರ ಬಂದು, ಆ ಕಾಲದಲ್ಲಿ ಇಲ್ಲಿ ಇದು ಯಾರ ಬಳಿ ಇದ್ದೀತು ಎಂದು ಕೇಳಿದರು. ಕುರಿ ಕಾಯುವವರ ಬಳಿ ಎಂದರು ನಮ್ಮವರು. ಭಾರತದಿಂದ ಆಗ ಕುರಿ ಕಾಯಲು ಇಲ್ಲಿಗೆ ಬಂದವರಿದ್ದರು ಎಂದು ಆಕೆಗೆ ತಿಳಿದಿತ್ತು. ತಲೆಯಾಡಿಸಿ ಒಳಗೆ ಬಿಟ್ಟರು. ಇವರ ಮುಖ ನೋಡಬೇಕಿತ್ತು, ಅರ್ಧ ಪರೀಕ್ಷೆ ಪಾಸಾದವರ ಹಾಗೆ.

ಕತ್ತಲಾಗುವ ಮೊದಲೇ ಊಟ ಮುಗಿಯಿತು. ಮಲಗುವ ಮುಂಚೆ ಹಿರಿಯಾಕೆ ಒಬ್ಬೊಬ್ಬರಿಗೂ ಬೆಂಕಿಯ ಪಕ್ಕ ಕಾಯಿಸಿದ ಒಂದೊಂದು ಇಟ್ಟಿಗೆಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಕೊಟ್ಟರು, ಕಾಲಿನ ಬಳಿ ಇಟ್ಟುಕೊಳ್ಳಲು. ನಮ್ಮವರು ನೆಲಕ್ಕೆ ಕ್ಯಾನ್ವಾಸ್ ಹಾಸಿ ಅದರ ಮೇಲೆ ಮಲಗಿದರು. ಎರಡು ಬ್ಲಾಂಕೆಟ್ಟು, ಅದರ ಮೇಲೆ ಕಂಬಳಿ, ಅದರ ಮೇಲೆ ಕೋಟು. ಎಲ್ಲವೂ ಮೇಲೆಯೇ. ಕಿವಿಗೆ ಹತ್ತಿ. ನಮ್ಮ ಕಡೆ ಚಳಿ ಎಂದರೆ ಕಿವಿಯಿಂದ ಒಳಗೆ ಬರುವಂಥದ್ದು. ಕಿವಿ ಮುಚ್ಚಿ, ಮೇಲೆ ಹೇರಿದರೆ ಮುಗಿಯಿತು. ನಾನು ನನ್ನ ಎರಡು ಬ್ಲಾಂಕೆಟ್ಟಿನಲ್ಲಿ ಒಂದನ್ನು ಮಡಚಿ ಕೆಳಗೆ ಹಾಕಿಕೊಂಡೆ. ಬೆಚ್ಚಗಿತ್ತು ಎನ್ನಲಾರೆ, ಆದರೆ ನಿದ್ದೆ ಬಂತು.

ಬೆಳಿಗ್ಗೆ ಹೊರಗೆ ಹುಲ್ಲೆಲ್ಲ ಉಪ್ಪು ಚೆಲ್ಲಿದಂತೆ ಬೆಳ್ಳಗಾಗಿತ್ತು. ಬಕೆಟ್ಟಿನ ನೀರಿನ ಮೇಲೆ ಕೆನೆಯಂತೆ ಮಂಜುಗಡ್ಡೆ. ನಮ್ಮವರು ಟೆಂಟಿನೊಳಗೆ ಎಲ್ಲವನ್ನೂ ಸುತ್ತಿಕೊಂಡು ಕೂತಿದ್ದರು, ಕಣ್ಣು ಕೆಂಪಗೆ. ನಿದ್ದೆ ಬಂತಾ ಎಂದೆ. ಬಂತು ಎಂದರು. ಅವರು ಎದ್ದ ಮೇಲೆ ಅವರ ಜಾಗದ ಕ್ಯಾನ್ವಾಸಿನ ಮೇಲೆ ಕೈ ಇಟ್ಟು ನೋಡಿದೆ. ಫ್ರಿಜ್ಜಿನ ಗೋಡೆ ಮುಟ್ಟಿದ ಹಾಗಿತ್ತು.

ಸೌದೆ ಒಡೆಯುವಾಗ ಅವರ ಕೊಡಲಿ ದಿಮ್ಮಿಯನ್ನು ತಪ್ಪಿ ಪಕ್ಕದ ನೆಲಕ್ಕೆ ಹೋಯಿತು. ಬೂಟಿನಿಂದ ಒಂದು ಗೇಣು ದೂರ. ಹಿರಿಯಾಕೆ ಬಂದು ಕೊಡಲಿ ತೆಗೆದುಕೊಂಡು, ಒಂದು ಬುಟ್ಟಿ ಆಲೂಗಡ್ಡೆ, ಒಂದು ಚಾಕು ಕೊಟ್ಟು ಹೋದರು. ಇವರು ತಲೆ ಎತ್ತದೆ ಅಷ್ಟನ್ನೂ ಸುಲಿದರು. ಉಳಿದದ್ದು ಒಂದೇ ರಾತ್ರಿ.

ಮಧ್ಯಾಹ್ನ ಬಿಸಿಲಿಗೆ ಇಬ್ಬರೂ ಲಾಯದ ಗೋಡೆಗೆ ಒರಗಿ ಕೂತೆವು. ಬೆಳಗಿನ ಸಂಗತಿ ನಾನು ಎತ್ತಲಿಲ್ಲ. ಅವರೇ ಕೈಯ ಮೇಲಿನ ಮಣ್ಣು ಉಜ್ಜುತ್ತ, ತಾತ ಇಂಥದೊಂದೇ ಕಂಬಳಿಯಲ್ಲಿ ಹೊಲದಲ್ಲಿ ಮಲಗಿ ಏಳುತ್ತಿದ್ದರು, ನನಗೇನಾಗಿದೆ ಎಂದರು. ಬಯ್ದುಕೊಂಡದ್ದು ತಮ್ಮನ್ನೇ. ನಾನು ನಿಜವಾಗಿ ತಿಳಿಯಲೆಂದೇ ಕೇಳಿದೆ.

“ಹೊಲದಲ್ಲಿ ಎಲ್ಲಿ ಮಲಗ್ತಿದ್ರು?”

“ಎಲ್ಲಿ ಅಂದ್ರೆ? ಕುರಿ ರೊಪ್ಪದಲ್ಲಿ. ಮುಳ್ಳುಬೇಲಿ ಒಳಗೆ, ಕುರಿ ಮಧ್ಯೆ.”

“ಬರೀ ನೆಲದ ಮೇಲಾ?”

“ಅಲ್ಲಿ ಬರೀ ನೆಲ ಎಲ್ಲಿರುತ್ತೆ? ತಿಂಗಳಾನುಗಟ್ಟಲೆ ಕುರಿ ಹಿಕ್ಕೆ ಬಿದ್ದು ಒಣಗಿ ಒಂದು ಗೇಣು ದಪ್ಪ ಆಗಿರುತ್ತೆ. ಕಾಲಿಟ್ರೆ ಮೆತ್ತಗೆ...” ಹೇಳುತ್ತಲೇ ತಮ್ಮ ಕೆಳಗಿನ ನೆಲವನ್ನು ಅಂಗೈಯಿಂದ ಒತ್ತಿ ನೋಡಿದರು. “ಬೆಚ್ಚಗಿರುತ್ತೆ ಕಣೇ ಅದು,” ಎಂದರು. “ಚಳಿಗಾಲದಲ್ಲಿ ನಾವು ಕಾಲು ಹೂತಿಟ್ಕೊಳ್ತಿದ್ವಿ.”

“ಹಂಗಾದ್ರೆ ನಿಮ್ಮ ತಾತನೂ ಹಾಸ್ಕೊಂಡೇ ಮಲಗ್ತಿದ್ರು ಅನ್ನಿ. ಈಗೇನು, ಕಾಂಗರೂ ಹಿಕ್ಕೆ ಹುಡುಕ್ಕೊಂಡು ಬರ್ಲಾ?”

ಎರಡು ದಿನದಲ್ಲಿ ಅವರು ನಕ್ಕದ್ದು ಆಗಲೇ. ನಗುತ್ತಲೇ ಎದ್ದು ಲಾಯದ ಒಳಗೆ ಹೋದರು. ಕುದುರೆ ನೋಡಿಕೊಳ್ಳುವವನನ್ನು ಕೇಳಿ ಎರಡು ಗೋಣಿಚೀಲ, ತಬ್ಬಿಕೊಳ್ಳುವಷ್ಟು ಒಣಹುಲ್ಲು ತಂದರು. ಹುಲ್ಲು ತುಂಬಿ ಚೀಲದ ಬಾಯನ್ನು ಹುರಿಯಿಂದ ಹೊಲಿದೆವು. ಬಡಿದು ಬಡಿದು ಹಾಸಿಗೆ ಮಾಡಿದೆವು. ಅದರ ಮೇಲೆ ಕಂಬಳಿಯನ್ನು ಎರಡು ಮಡಿಕೆಯಾಗಿ ಅವರೇ ಹಾಸಿದರು. ಹೊದೆಯಲು ಆ ಎರಡು ಬ್ಲಾಂಕೆಟ್ಟು, ಮೇಲೆ ಇಬ್ಬನಿಗೆ ಕೋಟು. ಹಗಲಿನ ಬೆವರು ಕುಡಿದ ಹತ್ತಿ ಬನಿಯನ್ನನ್ನು ಮಾತ್ರ ಬಲವಂತವಾಗಿ ಬಿಚ್ಚಿಸಿದೆ. ಒದ್ದೆ ಹತ್ತಿಯನ್ನು ಮೈಗೆ ಅಂಟಿಸಿಕೊಂಡು ಮೇಲೆ ಎಷ್ಟು ಉಣ್ಣೆ ಹಾಕಿದರೇನು?

ಆ ರಾತ್ರಿಯ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಗೊರಕೆ ಕೇಳಿಸುತ್ತಿತ್ತು, ನಾನೂ ಮಲಗಿದೆ.

ಬೆಳಗಾಯಿತು, ಬೆಂಕಿ ಹೊತ್ತಿತು, ಚಹ ಕುದಿಯಿತು. ಇವರು ಏಳಲಿಲ್ಲ. ಹಿರಿಯಾಕೆ ನಮ್ಮ ಟೆಂಟಿನ ಬಾಗಿಲಿಗೆ ಬಂದು ನಿಂತರು. ನಾನು ಎಬ್ಬಿಸಲು ಹೋದರೆ ಬೇಡವೆಂದು ಕೈ ಮಾಡಿ, ಮಂಡಿಯೂರಿ, ಹಾಸಿಗೆಯ ಅಂಚಿನಲ್ಲಿ ಕಂಬಳಿಯ ಕೆಳಗೆ ಕೈ ತೂರಿಸಿದರು. ರೋಗಿಯ ಜ್ವರ ನೋಡುವ ಹಾಗೆ ಸ್ವಲ್ಪ ಹೊತ್ತು ಇಟ್ಟುಕೊಂಡೇ ಇದ್ದರು. ಏನು ಮಾಡಿದಿರಿ ಎಂದು ಮೆಲ್ಲಗೆ ಕೇಳಿದರು. ಹೊರಗೆ ಬಂದು ನನಗೆ ಬರುವ ಇಂಗ್ಲಿಷಿನಲ್ಲಿ ರೊಪ್ಪ, ಹಿಕ್ಕೆ, ತಾತ ಎಲ್ಲವನ್ನೂ ಹೇಳಿದೆ. ಹಿಕ್ಕೆಗೆ ಮರ್ಯಾದೆಯ ಶಬ್ದ ಹೊಳೆಯದೆ ಕೈಯಲ್ಲಿ ಉಂಡೆ ಮಾಡಿ ತೋರಿಸಿದೆ. ಆಕೆ ಬಾಯಿಗೆ ಸೆರಗಿನಂತೆ ಶಾಲು ಒತ್ತಿಕೊಂಡು ನಕ್ಕರು. ಹಿಂದಿನ ವರ್ಷ ನಾನು ಇವರ ಹೊದಿಕೆಯನ್ನೆಲ್ಲ ಮುಟ್ಟಿ ನೋಡಿದ್ದೆ, ಹಾಸಿಗೆ ನೋಡಲೇ ಇಲ್ಲ, ಅದು ನನ್ನ ತಪ್ಪು ಎಂದರು.

ಟೆಂಟಿನ ಮೇಲೆ ಬಿಸಿಲು ಬಿದ್ದಾಗ ನಮ್ಮವರು ಗಡಬಡಿಸಿ ಹೊರಗೆ ಬಂದರು. ಇಷ್ಟು ಹೊತ್ತು ಮಲಗಿದ್ದಕ್ಕೇ ಫೇಲಾದೆನೆಂದು ತಿಳಿದು ಕ್ಷಮೆ ಕೇಳತೊಡಗಿದರು. ಹಿರಿಯಾಕೆ ಮಾತಿಗೆ ಅವಕಾಶ ಕೊಡದೆ ಕೊಡಲಿ ಕೈಗಿತ್ತು, ದಿಮ್ಮಿಯ ಕಡೆ ತೋರಿಸಿದರು. ಕೈ ಕಟ್ಟಿಕೊಂಡು ಪಕ್ಕದಲ್ಲೇ ನಿಂತರು. ಮೊದಲ ಏಟಿಗೇ ದಿಮ್ಮಿ ಎರಡಾಯಿತು. ಎರಡನೆಯದಕ್ಕೂ. ರಾಶಿ ಮೊಣಕಾಲಿನಷ್ಟಾಗುವವರೆಗೆ ಆಕೆ ಕದಲಲಿಲ್ಲ. ಆಮೇಲೆ, ಸೆಪ್ಟೆಂಬರಿನಲ್ಲಿ ಹನ್ನೆರಡು ಮಕ್ಕಳು ಬರುತ್ತಾರೆ, ಒಂದು ರಾತ್ರಿ ಉಳಿಯುತ್ತಾರೆ, ನೀವು ನೋಡಿಕೊಳ್ಳಿ ಎಂದಷ್ಟೇ ಹೇಳಿ ಚಹದ ಕಡೆ ನಡೆದರು.

ಇವರು ನನ್ನ ಹತ್ತಿರ ಬಂದರು. ಖುಷಿಯ ಮಾತಾಡುತ್ತಾರೆಂದು ಕಾದೆ.

“ಹನ್ನೆರಡು ಮಕ್ಕಳಿಗೆ ಎಷ್ಟು ಹುಲ್ಲು ಬೇಕಾಗುತ್ತೇ?” ಎಂದರು.

ಉತ್ತರಕ್ಕೂ ಕಾಯದೆ, ಒಂದು ಬೂಟಿನ ಕಟ್ಟದ ದಾರ ನೆಲಕ್ಕೆ ಎಳೆದುಕೊಂಡೇ ಲಾಯದ ಕಡೆ ಹೊರಟರು. ನಾನು ಟೆಂಟಿನೊಳಗೆ ಬಂದು ಅವರು ಎದ್ದುಹೋದ ಜಾಗದಲ್ಲಿ ಕಾಲು ಚಾಚಿದೆ. ಹುಲ್ಲು ಇನ್ನೂ ಬೆಚ್ಚಗಿತ್ತು.