ಹಿಟ್ಟಿನಲ್ಲಿ ಬರೆದ ಹೆಸರು

ಮರಳಿನ ಮೇಲಿದ್ದ ಹೆಸರನ್ನು ನಾನು ಅಂಗೈಯಿಂದ ಸವರಿದ್ದೇ ತಡ, ನೀಲಮ್ಮ ಹಾವು ತುಳಿದವಳಂತೆ ಚೀರಿದಳು.

ಕೂತಿದ್ದ ಹೆಂಗಸರ ಸೂಜಿಗಳು ನಿಂತವು. ಪಕ್ಕದ ಗೋಡೆಯ ಮೇಲೆ ಅವಳ ಅತ್ತೆ ಗಂಗವ್ವನ ಮೋರೆ ಕಾಣಿಸಿತು...

ಲಿಂಗಸುಗೂರಿನಲ್ಲಿರುವ ನನ್ನ ಅಣ್ಣನ ಹೆಣ್ಣುಮಕ್ಕಳೇ, ಮೊದಲು ನಮ್ಮ ಆಟ ಎಂಥದ್ದೆಂದು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಇದರ ತಲೆಬುಡ ನಿಮಗೆ ತಿಳಿಯಲಿಕ್ಕಿಲ್ಲ.

ಮಸ್ಕಿಯ ನಮ್ಮ ಓಣಿಯ ಹೆಂಗಸರು ಮಧ್ಯಾಹ್ನ ನನ್ನ ಕಟ್ಟೆಗೆ ಹಳೆ ಬಟ್ಟೆಯ ಕೌದಿ ಹೊಲಿಯಲು ಬರುತ್ತಾರೆ. ಹೊಲಿಯುತ್ತಲೇ ಎಲ್ಲರೂ ಕೂಡಿ ಒಂದು ಕಥೆ ಕಟ್ಟುತ್ತೇವೆ.

ಒಬ್ಬಳು ಒಂದು ಮಾತು ಸೇರಿಸಿ, ಅದರೊಳಗಿನ ಒಂದು ಪದವನ್ನು ಹರಿವಾಣದ ಮರಳಿನಲ್ಲಿ ಬರೆಯಬೇಕು. ಮುಂದಿನವಳು ಅದನ್ನು ಓದಿ, ಮರಳು ಸವರಿ, ಅಲ್ಲಿಂದ ಕಥೆ ಬೆಳೆಸಬೇಕು. ಬರೆಯದವಳಿಗೆ ಸರದಿಯಿಲ್ಲ!

ನಿಜಾಮರ ಸರಕಾರಿ ಶಾಲೆಯಲ್ಲಿ ಗಂಡುಹುಡುಗರಿಗೆ ಉರ್ದು ಕಲಿಸುತ್ತಾರೆ. ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಅದೂ ಇಲ್ಲ.

ನಾನು ಅಕ್ಷರ ಕಲಿತದ್ದು ನಿಮ್ಮ ಅಜ್ಜ ಪುರಾಣ ಓದುವಾಗ ಎದುರಿಗೆ ಕೂತು. ಹಾಗಾಗಿ ಎಷ್ಟೋ ದಿನ ಪುಸ್ತಕ ತಲೆಕೆಳಗಾಗಿ ಹಿಡಿದರೇ ನನಗೆ ಓದಲು ಬರುತ್ತಿತ್ತು. ತಲೆಕೆಳಗಾಗಿ ನಾನು ಕಲಿತಿದ್ದರೆ, ನೆಟ್ಟಗೆ ಇವರು ಯಾಕೆ ಕಲಿಯಬಾರದು? ನನ್ನ ಜಿದ್ದು ಇಷ್ಟೇ.

ನೀಲಮ್ಮ ದಢೇಸುಗೂರಿನ ಹುಡುಗಿ, ಗಂಗವ್ವನ ಹೊಸ ಸೊಸೆ. ಗಂಡ ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದೊಳಗೆ ಇಳಿಯುತ್ತಾನೆ.

ಬಂದಾಗಿನಿಂದ ಅವಳ ಬಾಯಲ್ಲಿ "ಹೂಂ" ಬಿಟ್ಟರೆ ಬೇರೆ ಮಾತಿಲ್ಲ. "ಗಂಗವ್ವ ಮೂಕಿನ್ನ ತಂದಾಳ" ಎಂದು ಬಾವಿಕಟ್ಟೆಯಲ್ಲಿ ನಗುತ್ತಿದ್ದರು. ಅವಳನ್ನು ಮಾತಾಡಿಸಿಯೇ ತೀರುತ್ತೇನೆಂದು ಕೂಡಿಸಿಕೊಂಡು ಒಂದೊಂದೇ ಅಕ್ಷರ ತಿದ್ದಿಸಿದ್ದೆ.

ಆ ದಿನ ನಮ್ಮ ಕಥೆಯ ಹುಡುಗಿ ಗಂಡನಿಗೆ ಬುತ್ತಿ ಕಟ್ಟಿಕೊಂಡು ಹಟ್ಟಿಗೆ ಹೊರಟಿದ್ದಳು. ನಡುವೆ ಹಳ್ಳ ತುಂಬಿತ್ತು. ಯಾರ ಹತ್ತಿರ ಹೊರಟೆ, ಹೆಸರು ಹೇಳು, ದಾಟಿಸುತ್ತೇನೆ ಎಂದ ಹರಿಗೋಲಿನವನು.

ಸರದಿ ನೀಲಮ್ಮನದು. ಗಂಡನ ಹೆಸರನ್ನು ಬಾಯಿಂದ ಹೇಳುವಂತಿಲ್ಲವಲ್ಲ! ಅವಳು ಸೆರಗಿನೊಳಗಿಂದ ಬೆರಳು ಚಾಚಿ ತನ್ನ ಗಂಡನ ಹೆಸರನ್ನೇ ಬರೆದಳು. ಅಮರಪ್ಪ.

ನನಗೋ ಹಿಗ್ಗೇ ಹಿಗ್ಗು. ಆ ಹಿಗ್ಗಿನಲ್ಲೇ ಮುಂದಿನವಳಿಗೆ ಜಾಗ ಮಾಡಲು ಮರಳು ಸವರಿಬಿಟ್ಟೆ.

"ಗಂಡನ್ನ ಕಳಕೊಂಡಾಕಿ ನೀ" ಎಂದಳು ಗಂಗವ್ವ, ಗೋಡೆಯ ಮೇಲಿಂದ ನನಗೆ. "ನನ್ನ ಮಗ ಭೂಮಿ ಹೊಟ್ಟ್ಯಾಗ ಅದಾನ. ಅವನ ಹೆಸರ ಅಳಸಾಕ ನಿನಗ ಕೈಯರ ಹೆಂಗ ಬಂತು ಶಿವಕ್ಕಾ?"

ಗೋಡೆ ಸುತ್ತಿ ಬಂದು ಸೊಸೆಯ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಇನ್ನೊಮ್ಮೆ ಈ ಕಟ್ಟೆ ಹತ್ತಿದರೆ ಕಾಲು ಮುರಿಯುತ್ತೇನೆಂದಳು.

ಮಾತು ಎದೆಗೆ ನಾಟಿತು, ಇಲ್ಲವೆನ್ನಲಾರೆ. ಆದರೆ ಅವಳ ಅಂಜಿಕೆ ಸುಳ್ಳಲ್ಲ. ಮಗ ನೆಲದೊಳಗೆ ಇಳಿಯುವಾಗ ಹೆತ್ತವಳ ಕೈಯಲ್ಲಿ ಹಿಡಿದುಕೊಳ್ಳಲು ಏನಿದೆ, ಒಂದು ಹೆಸರು ಬಿಟ್ಟರೆ?

ಉಳಿದವರು ನೀಲಮ್ಮನ ಸರದಿ ಬಿಟ್ಟು ಮುಂದೆ ಹೋಗೋಣ ಎಂದರು. ನಾನು ಒಪ್ಪಲಿಲ್ಲ.

"ಆಕಿ ಸರದಿ ಆಕೀನ ಮುಗಸಬೇಕು. ಅಲ್ಲೀತನಕಾ ಕತಿ ಹುಡಿಗಿ ಹಳ್ಳದ ದಂಡ್ಯಾಗ ನಿಂದರಲಿ."

ಕಥೆಯಿಲ್ಲದೆ ಹೊಲಿದೆವು. ಕೌದಿಯೂ ಬೇಸರದಿಂದಲೇ ಬೆಳೆಯಿತು...

ಕಡೆಗೊಂದು ಮುಂಜಾನೆ ನಾನೇ ಹೋಗಿ ಗಂಗವ್ವನ ಹೊಸ್ತಿಲಲ್ಲಿ ಕೂತೆ. ಒಲೆಯ ಮೇಲೆ ರೊಟ್ಟಿಯ ಎಸರು ಕುದಿಯುತ್ತಿತ್ತು. ನೀಲಮ್ಮ ಜೋಳದ ಹಿಟ್ಟು ಸಾಣಿಸುತ್ತಿದ್ದಳು.

ಯಾರೂ ಬಾ ಎನ್ನಲಿಲ್ಲ. ನಾನೂ ಜಗಳವಾಡಲಿಲ್ಲ, ಬೇಡಿಕೊಳ್ಳಲಿಲ್ಲ. ಎದ್ದು ಮಾತ್ರ ಬರಲಿಲ್ಲ.

ಕೊನೆಗೆ ಗಂಗವ್ವನೇ ಒಲೆಯ ಕಡೆಯಿಂದ ಮೋರೆ ತಿರುಗಿಸದೆ ಕೇಳಿದಳು, "ಆ ಹುಡಿಗಿ ಹಳ್ಳ ದಾಟಿದಳೋ ಇಲ್ಲೋ?"

ನೋಡಿ ಮತ್ತೆ! ಗೋಡೆಯಾಚೆ ಕೂತು ದಿನಾ ಕಥೆ ಕೇಳುತ್ತಿದ್ದಳು.

"ಹೆಂಗ ದಾಟತಾಳ? ನಿನ್ನ ಸೊಸಿನ್ನ ನೀ ಒಳಗ ಕುಂದರ್ಸೀದಿ, ಹರಗೋಲ ಅಲ್ಲೇ ನಿಂತೈತಿ."

"ಬುತ್ತಿ ಹಳಸಂಗಿಲ್ಲೇನ ಇಷ್ಟ ದಿನಕ್ಕ?"

"ಹಳಸೇತಿ. ಆ ಪಾಪ ನಿಂದs."

ಗಂಗವ್ವನ ಬೆನ್ನು ಅಲುಗಿತು. ನಗುತ್ತಿದ್ದಳು. ಆಮೇಲೆ ನಗು ನಿಂತಿತು. ಹಿಟ್ಟು ನಾದುವ ಕೊಣಮಿಗೆಯನ್ನು ಸೊಸೆಯ ಮುಂದಕ್ಕೆ ತಳ್ಳಿದಳು.

"ಇದರಾಗ ಬರಿ. ಮರಳಾದ್ರ ಒರಸಿ ಬಿಡ್ತಾರ. ಹಿಟ್ಟ ಹಂಗಲ್ಲ. ನಾದಿ, ಬಡದು, ಉಣ್ತೀವಿ. ಅಳಸಿ ಹೋಗಿದ್ದೂ ನಮ್ಮ ಹೊಟ್ಟೀಗೇ ಹೊಕ್ಕತಿ."

ಇಷ್ಟು ವಯಸ್ಸಾಯಿತು, ನನಗೆ ಇದು ಹೊಳೆದಿರಲಿಲ್ಲ.

ನೀಲಮ್ಮ ಹಿಟ್ಟು ಹರವಿ ಬರೆದಳು. ಗಂಗವ್ವ ಬಗ್ಗಿ ನೋಡಿದಳು, ಇನ್ನಷ್ಟು ಬಗ್ಗಿ ನೋಡಿದಳು.

"ಇಷ್ಟs ಏನು ನನ್ನ ಮಗ? ಅಷ್ಟ ಎತ್ತರ ಆಳಿಗೆ ನಾಕ ಸುರುಳಿ?"

ನಾನು ಅವಳ ಬೆರಳು ಹಿಡಿದು ಒಂದೊಂದೇ ಅಕ್ಷರದ ಬಳಿ ಇಟ್ಟೆ. ತಾಯಿಗೆ ಮಗನ ಹೆಸರು ಹೇಳಲು ಅಡ್ಡಿಯಿಲ್ಲವಲ್ಲ. ಬರೆಯಬಲ್ಲವಳು ಹೇಳುವಂತಿರಲಿಲ್ಲ, ಹೇಳಬಲ್ಲವಳಿಗೆ ಓದಲು ಬರುತ್ತಿರಲಿಲ್ಲ...

"ಅ... ಮ... ರ... ಪ್ಪ." ಗಂಗವ್ವ ಬೆರಳು ಸರಿಸುತ್ತ ಓದಿದಳು.

ಆಗ ಮೂಕಿ ಎನಿಸಿಕೊಂಡಿದ್ದ ಆ ಹುಡುಗಿ ಬಾಯಿ ಬಿಟ್ಟಳು.

"ಅತ್ತೀ, ಹೆಸರ ಕೇಳಿ ಹರಗೋಲ ಬಿಟ್ಟಾನ್ರೀ. ಆಕಿ ದಾಟಾಕತ್ತಾಳ."

ಗಂಗವ್ವ ಎಸರನ್ನು ತಾನೇ ಸುರಿದಳು. ತಾನೇ ನಾದಿದಳು. ಹಂಚಿನಿಂದ ತೆಗೆದ ಮೊದಲ ರೊಟ್ಟಿಯನ್ನು ನನ್ನ ಕೈಗಿಟ್ಟಳು.

ಈಗ ಅತ್ತೆ ಸೊಸೆ ಇಬ್ಬರೂ ಕಟ್ಟೆಗೆ ಬರುತ್ತಾರೆ. ಕಥೆಯ ಪದವಾದರೆ ಮರಳಿಗೆ, ಮನೆಯವರ ಹೆಸರಾದರೆ ಹಿಟ್ಟಿಗೆ, ಇದು ಗಂಗವ್ವನ ಕಾಯಿದೆ. ಮುರಿದವರಿಗೆ ಅವಳ ಬಾಯಿ ಗೊತ್ತಲ್ಲ!

ಈ ಕಾಗದವನ್ನೂ ಯಾರೋ ನಿಮಗೆ ಓದಿ ಹೇಳುತ್ತಿರಬಹುದು. ಇರಲಿ, ಇದೊಂದು ಸಲ. ಆದರೆ ಮುಂದಿನ ಸರದಿಯನ್ನು ನಾವು ಲಿಂಗಸುಗೂರಿಗೆ ಬಿಟ್ಟಿದ್ದೇವೆ. ಕಾಗದ ಬರೆಯುವ ಮುನ್ಷಿಯ ಕೈಯಲ್ಲಿ ಬರೆಸಿದ್ದನ್ನು ಕಟ್ಟೆ ಒಪ್ಪುವುದಿಲ್ಲ. ಅಡ್ಡಾದಿಡ್ಡಿ ಒಂದೇ ಪದವಾದರೂ ಸರಿ, ನಿಮ್ಮ ಬೆರಳಿನದೇ ಆಗಬೇಕು.

ಹುಡುಗಿ ಆಚೆ ದಡಕ್ಕೆ ಕಾಲಿಟ್ಟಿದ್ದಾಳೆ... ಅಲ್ಲಿ ಮೊದಲು ಅವಳ ಕಣ್ಣಿಗೆ ಬಿದ್ದದ್ದೇನು?