ಯಾವ ಚೀಲ ಅಂತ ಕೇಳಿದ ಟೀಚರಮ್ಮ

ಮೊನ್ನೆ ಬ್ಯಾಂಕಿನಲ್ಲಿ ನನ್ನ ಮುಂದಿದ್ದ ಮುದುಕ ಹೆಬ್ಬೆಟ್ಟು ಒತ್ತಿದ. ಆ ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ಟೀಚರಮ್ಮ ನೆನಪಾದರು. ಹೊಸಪೇಟೆಯ ಆಸ್ಪತ್ರೆಯಲ್ಲಿ ನರ್ಸ್ ಹುಡುಗಿಯರಿಗೆ ಪಾಠ ಹೇಳುತ್ತಿದ್ದವರು.

ಆಗ ನನಗೆ ಅಕ್ಷರ ಬರುತ್ತಿರಲಿಲ್ಲ, ಈಗ ಅಷ್ಟಿಷ್ಟು ಬರುತ್ತದೆ. ನಮ್ಮೂರು ವಡ್ಡುವಿನಿಂದ ಗಣಿಗೆ ಅದಿರು ಆರಿಸಲು ಹೋಗುತ್ತಿದ್ದೆ. ಹುಟ್ಟಿದ ಒಂದು ಮಗು ತೀರಿಕೊಂಡಿತ್ತು, ಇನ್ನೊಂದು ಬೇಕಿತ್ತು. ಮುಟ್ಟು ನಿಲ್ಲದೆ ರಕ್ತ ಹೋಗುತ್ತಿದ್ದರಿಂದ ಆಸ್ಪತ್ರೆ ಸೇರಿದ್ದೆ. ಕಲಿಯುವ ಹುಡುಗಿಯೊಬ್ಬಳು ಕಾಗದ ಹಿಡಿದು ಬಂದು, “ಚೀಲ ತೆಗೀತಾರ್ರಿ, ಹೆಬ್ಬೆಟ್ಟು ಒತ್ರಿ” ಎಂದಳು. ಒಳಗೆ ಸಾಮಾನು ಬಿಡುವುದಿಲ್ಲವೇನೋ ಎಂದುಕೊಂಡು ಬಗಲಲ್ಲಿದ್ದ ರೊಟ್ಟಿ ಚೀಲ ತೆಗೆದು ಅವಳ ಕೈಗೆ ಕೊಟ್ಟೆ. ಹೆಬ್ಬೆಟ್ಟನ್ನೂ ಚಾಚಿದೆ.

ಅವಳ ಹಿಂದೆ ನಿಂತಿದ್ದ ಹುಡುಗಿಯರೆಲ್ಲ ನಕ್ಕರು. ಟೀಚರಮ್ಮ ನಗಲಿಲ್ಲ. “ಯಾವ ಚೀಲ ಅಂತ ಹೇಳಿದ್ಯೇನವಾ ಆಕಿಗೆ?” ಎಂದರು. ಹುಡುಗಿ ರೊಟ್ಟಿ ಚೀಲ ನನಗೆ ವಾಪಸು ಕೊಟ್ಟಳು.

ಟೀಚರಮ್ಮ ಬಂದು ಮಂಚದ ಮೇಲೆ ನನ್ನ ಪಕ್ಕ ಕೂತರು. “ಅದು ಹೊಟ್ಟಿಯೊಳಗ ಕೂಸು ಬೆಳಿಯೋ ಚೀಲ, ತಂಗಿ. ತೆಗೆದ್ರ ಮುಂದ ಮಕ್ಕಳಾಗಂಗಿಲ್ಲ. ಮಾತ್ರಿ ನುಂಗಿ ನೋಡಬಹುದು, ಆದ್ರ ರಕ್ತ ನಿಲ್ತೈತಂತ ಖಾತ್ರಿ ಇಲ್ಲ. ಡಾಕ್ಟರ್ ಕೂಡ ನಾ ಮಾತಾಡ್ತೀನಿ. ನೀ ಏನಂತಿ?”

ನೀನು ಏನನ್ನುತ್ತೀ ಎಂದು ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ, ತಾಳಿ ಕಟ್ಟುವಾಗಲೂ...

“ಮಾತ್ರಿ ಕೊಡ್ರಿ” ಎಂದೆ.

ಮಗು ಆಗಲಿಲ್ಲ. ಎರಡು ವರ್ಷ ಒದ್ದಾಡಿ, ಕೊನೆಗೆ ನಾನೇ ಹೋಗಿ ತೆಗೆಸಿಕೊಂಡೆ. ಇರಲಿ. ಅವತ್ತೇ ನನಗೆ ಹೇಳದೆ ತೆಗೆದಿದ್ದರೆ ಅದು ಕಳವು.

ಆಮೇಲೆ ಪ್ರತಿ ವರ್ಷ ಹೊಸ ಹುಡುಗಿಯರು ಸೇರಿದಾಗ ಟೀಚರಮ್ಮ ಬಸ್ಸು ಹತ್ತಿ ವಡ್ಡುವಿಗೆ ಬರುತ್ತಿದ್ದರು. “ಬಂದು ಹುಡುಗ್ಯಾರಿಗೆ ನಿನ್ನ ಕತಿ ಹೇಳ್ತೀಯೇನು? ಬ್ಯಾಡಂದ್ರ ಬ್ಯಾಡ.” ಹೋಗಿ ಹೇಳುತ್ತಿದ್ದೆ. “ಲೇ ಹುಡುಗ್ಯಾರಾ, ಹೆಬ್ಬೆಟ್ಟಿಗೆ ಕೈ ಹಿಡಿಯೋಕಿಂತ ಮೊದ್ಲ ಬಾಯಿ ಬಿಡ್ರಿ” ಎಂದರೆ ಅವರು ಅದನ್ನೂ ನೋಟ್ಸಿನಲ್ಲಿ ಬರೆದುಕೊಳ್ಳುತ್ತಿದ್ದರು. ಒಂದು ವರ್ಷ ಮಾತ್ರ ಬ್ಯಾಡ ಅಂದೆ. ಕಾರಣವೇನಿಲ್ಲ, ಸುಮ್ಮನೆ ಹಾಗೆ ಅಂದು ನೋಡಿದೆ. “ಆತು, ಚಾ ಮಾಡು” ಎಂದರು, ಕುಡಿದು ಹೋದರು. ಮುಖ ಗಂಟು ಹಾಕಿಕೊಳ್ಳಲಿಲ್ಲ. ಮರುವರ್ಷ ಮತ್ತೆ ಬಂದು ಕೇಳಿದರು. ಕೇಳುವಾಗ ತಲೆ ಒಂದಿಷ್ಟು ವಾಲಿಸುತ್ತಿದ್ದರು, ಉತ್ತರ ಬರುವವರೆಗೆ ಹಾಗೇ...

ಅವರು ತೀರಿಕೊಂಡು ಎರಡು ವರ್ಷವಾಯಿತು. ಈಗ ಆಸ್ಪತ್ರೆಯಿಂದ ಫೋನ್ ಬರುತ್ತದೆ. “ಅಜ್ಜಿ, ನಾಳಿ ಹತ್ತಕ್ಕ ಕ್ಲಾಸ್ ಐತಿ, ಆಟೋ ಕಳಸ್ತೀವಿ, ರೆಡಿ ಇರ್ರಿ.” ಹೊಸ ಟೀಚರು ಒಳ್ಳೆಯ ಹುಡುಗಿ, ದನಿ ಮೆತ್ತಗಿದೆ. ನಾನು ಬರುತ್ತೇನೋ ಇಲ್ಲವೋ ಎಂದು ಕೇಳುವುದಿಲ್ಲ.

ಹೋಗುತ್ತೇನೆ. ಫೋನ್ ಇಟ್ಟ ಮೇಲೆ “ಹೂಂ, ಬರ್ತೀನ್ರಿ” ಎಂದು ಒಬ್ಬಳೇ ಹೇಳುತ್ತೇನೆ.