ಜಂಬಮ್ಮನ ಜಪಾನಿ ಹ್ಞೂಂ

ರಾಯಚೂರಿನಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನ ಅಂಗಳಕ್ಕೆ ಇನ್ನೂ ಬಿಸಿಲು ಇಳಿದಿಲ್ಲ. ದೇವದುರ್ಗದ ಕಡೆಯಿಂದ ಬಂದ ಹದಿನಾಲ್ಕು ಬಂಡಿಗಳು ಗೇಟಿನ ಹೊರಗೆ ಮೂಕಿ ಊರಿ ನಿಂತಿವೆ. ಎತ್ತುಗಳ ಮೂಗಿನಿಂದ ಡಿಸೆಂಬರಿನ ಉಸಿರು ಹೊಗೆಯಾಗಿ ಬರುತ್ತಿದೆ. ಒಳಗೆ ಕಲ್ಲುಕಟ್ಟೆಯ ಮೇಲೆ, ಸುರಿದ ಹತ್ತಿಯ ರಾಶಿಯ ಮುಂದೆ, ಜಂಬಮ್ಮ ಆಗಲೇ ಕೂತಾಗಿದೆ. ಬಲಗೈ ಹತ್ತಿ ಎತ್ತುತ್ತದೆ. ಎಡಗೈ ಅದರೊಳಗಿನ ಒಣ ಎಲೆ, ಕಾಯಿಯ ಸಿಪ್ಪೆ, ಹುಳ ತಿಂದ ಹಳದಿ ಎಳೆ ಕಿತ್ತು ಪಕ್ಕಕ್ಕೆಸೆಯುತ್ತದೆ. ಈ ಕೈಗಳಿಗೆ ಕಣ್ಣಿನ ಹಂಗಿಲ್ಲ. ಬಾಯಿಗಂತೂ ಬೇರೆಯೇ ಕೆಲಸ.

“ತನಬೆಹನ್ ನೊ ಒಕುಸಾನ್, ಗೆಂಕಿ ದೆಕ್ಕಾ?”

ತನಬೆಯವರ ಮನೆಯಾಕೆ ಚೆನ್ನಾಗಿದ್ದಾರೆಯೇ ಎಂದು ಇದರ ಅರ್ಥ. ಹತ್ತಿಗೆ ಉತ್ತರ ಗೊತ್ತಿಲ್ಲ. ಜಂಬಮ್ಮ ಇನ್ನೊಮ್ಮೆ ಕೇಳುತ್ತಾಳೆ, ಈ ಸಲ ಕೊನೆಯ ಅಕ್ಷರವನ್ನು ತುಸು ಮೇಲಕ್ಕೆತ್ತಿ, ಬಾಗಿಲ ಸಂದಿಯಿಂದ ಒಳಗೆ ಇಣುಕಿ ಕೇಳುವವರ ಹಾಗೆ.

ಪಕ್ಕದ ರಾಶಿಯ ಹಾಜಿರಾ ಬೀ ತಲೆಯೆತ್ತದೆ ಗೊಣಗುತ್ತಾಳೆ: “ಶುರು ಆತು ನೋಡವ್ವ ಇಕಿದು. ಜಿನ್ನಿನಾಗ ದುಡದು ದುಡದು ಮೈಯಾಗ ಜಿನ್ ಹೊಕ್ಕದ. ದರ್ಗಾಕ್ಕ ಕರಕೊಂಡು ಹೋಗ್ತೀನಂದ್ರ ಬರವಲ್ಲು.”

“ಜಿನ್ ಆಗಿದ್ರ ಬಿಡಸಬಹುದಿತ್ತು ಬೇ,” ಜಂಬಮ್ಮನ ಮುಖದಲ್ಲಿ ನಗೆಯಿಲ್ಲ, ದನಿಯಲ್ಲಿದೆ. “ಇದು ಜಪಾನಿ. ಬಿಡಂಗಿಲ್ಲ.”

ಜಿನ್ನಿನಲ್ಲಿ ಹತ್ತಿ ಆರಿಸುವ ಹೆಂಗಸರು ನಲವತ್ತೆರಡು ಮಂದಿ. ಬೆಳಗಿನ ಐದೂವರೆಗೆ ಕೂತರೆ ಏಳುವುದು ಹೊತ್ತು ಮುಳುಗುವಾಗ. ನಡುವೆ ರೊಟ್ಟಿ ತಿನ್ನಲು ಒಮ್ಮೆ ಭೋಂಗಾ ಕೂಗುತ್ತದೆ. ಜಂಬಮ್ಮನ ಕೈಯಲ್ಲಿ ದಿನಕ್ಕೆ ಎರಡೂವರೆ ಮಣ ಹತ್ತಿ ಹಸನಾಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೂರು ಮಣ ಆಗುತ್ತಿತ್ತು. ಮುಂಗಾರಿ ಹತ್ತಿ ಮುಗಿಯುವಷ್ಟರಲ್ಲಿ ಹಿಂಗಾರಿ ಹತ್ತಿಯ ಬಂಡಿಗಳು ಬರುತ್ತವೆ. ಹತ್ತಿಯ ನವಿರು ಮೂಗಿನೊಳಗೆ ಹೋಗಿ ಕೆಮ್ಮಾಗಿ ಹೊರಬರುತ್ತದೆ. ಬೆನ್ನು ಕಟ್ಟೆಯ ಅಳತೆಗೇ ಬಗ್ಗಿಬಿಟ್ಟಿದೆ. ವಯಸ್ಸು ಕೇಳಿದರೆ, “ಐವತ್ತು ಆಗಿರಬೇಕ್ರಿ. ಬರದಿಟ್ಟಾವ್ರು ಯಾರು? ಮೊಣಕಾಲು ಮಾತ್ರ ಎಪ್ಪತ್ತು ಅಂತಾವ,” ಎನ್ನುತ್ತಾಳೆ.

ಊರು ಯಾಪಲದಿನ್ನಿ. ಕುರಿ ಕಾಯುವ ಮನೆತನ. ಬೇವಿನ ನೆರಳಿಗೆ ಕುರಿ ನಿಂತ ಮಧ್ಯಾಹ್ನಗಳಲ್ಲಿ ಜಂಬಮ್ಮನ ಅಜ್ಜ ಕತೆ ಹೇಳುತ್ತಿದ್ದ. ಅವರಲ್ಲಿ ಕತೆಗೆ ಒಂದು ಕಟ್ಟಳೆಯಿದೆ. ಹೇಳುವವನ ಎದುರು ಹ್ಞೂಂ ಅನ್ನುವವರು ಒಬ್ಬರು ಕೂರಲೇಬೇಕು. ಹ್ಞೂಂ ನಿಂತರೆ ಕತೆಯೂ ನಿಲ್ಲುತ್ತದೆ. ಹ್ಞೂಂ ಅನ್ನುವವರು ಕತೆ ಮುಗಿಯುವ ತನಕ ನಡುವೆ ಬಾಯಿ ಹಾಕುವಂತಿಲ್ಲ. ತನ್ನದೊಂದು ಮಾತು ತೂರಿಸುವಂತಿಲ್ಲ, ಏನನ್ನೂ ಕೇಳುವಂತಿಲ್ಲ. ಅಜ್ಜನಿಗೆ ಮೊಮ್ಮಕ್ಕಳು ಏಳು ಮಂದಿಯಿದ್ದರೂ ಹ್ಞೂಂ ಅನ್ನಲು ಕರೆಯುತ್ತಿದ್ದದ್ದು ಜಂಬಮ್ಮನನ್ನೇ. “ಉಳದಾವ್ರು ನಡುವ ನಿದ್ದಿ ಹೋಗ್ತಿದ್ರು. ನಾ ನಿದ್ದಿ ಹೋದ್ರೂ ಹ್ಞೂಂ ಅಂತಿದ್ನಿ,” ಎಂದು ಆಕೆ ಈಗಲೂ ಹೇಳಿಕೊಳ್ಳುತ್ತಾಳೆ.

ಜಂಬಮ್ಮ ಜಪಾನಿ ಮಾತು ಕಲಿತ ಶಾಲೆ ಇದ್ದದ್ದು ದೇವದುರ್ಗದಲ್ಲಿ. ಯುದ್ಧಕ್ಕೆ ಮುಂಚೆ ಜಪಾನಿನ ಹತ್ತಿ ಕಂಪನಿಯೊಂದರ ಖರೀದಿದಾರ ತನಬೆ ಎಂಬವರು ಸುಗ್ಗಿಯ ತಿಂಗಳುಗಳಲ್ಲಿ ಅಲ್ಲಿ ಮನೆ ಹಿಡಿಯುತ್ತಿದ್ದರು. ಗಂಡ ಸತ್ತು ಕೆಲಸ ಹುಡುಕುತ್ತಿದ್ದ ಜಂಬಮ್ಮ ಆ ಮನೆಗೆ ಕಸಮುಸುರೆಗೆ ಸೇರಿದಳು. ತನಬೆ ದೊರೆ ಹಗಲೆಲ್ಲ ಹಳ್ಳಿಗಳಲ್ಲಿ ಹತ್ತಿ ನೋಡಲು ಹೋದರೆ ಮನೆಯಲ್ಲಿ ಉಳಿಯುವವರು ಇಬ್ಬರೇ: ಈಕೆ ಮತ್ತು ದೊರೆಯ ಹೆಂಡತಿ. ಮನೆಯಾಕೆಯನ್ನು ಅವರ ಭಾಷೆಯಲ್ಲಿ ಒಕುಸಾನ್ ಎನ್ನುತ್ತಾರೆ. ಜಂಬಮ್ಮನ ಬಾಯಲ್ಲಿ ಅದೇ ಹೆಸರಾಯಿತು. ಒಕುಸಾನ್ ಮಾತಿನ ಮಲ್ಲಿ. ಕೇಳಲು ಊರಲ್ಲಿ ಯಾರೂ ಇರಲಿಲ್ಲ. ಮೂಲಂಗಿ ಹೆಚ್ಚುತ್ತ ತನ್ನ ತವರಿನ ಸುದ್ದಿ ಹೇಳತೊಡಗಿದರೆ ಜಂಬಮ್ಮನಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಆದರೂ ಹಳೆಯ ಚಾಳಿ, ಆಕೆ ಉಸಿರು ಎಳೆದಲ್ಲೆಲ್ಲ ಈಕೆ ಹ್ಞೂಂ ಎಂದಳು.

“ಮೂರನೇ ದಿನ ನಕ್ಕು ಬಿಟ್ರು ನೋಡ್ರಿ. ಈಳಿಗಿ ಕೆಳಗಿಟ್ಟು, ‘ಹಂಗಲ್ಲ, ಹಿಂಗ ಅನ್ನು’ ಅಂತ ಹೇಳಿಕೊಟ್ರು. ಬರೇ ಕೇಳಾಕತ್ತೀನಿ ಅನ್ನಾಕ ‘ಹೇ...’. ಹೌದೇನು ಅನ್ನಾಕ ‘ಸಾಯೋಕಾ’. ಖರೇನ ಅನ್ನಾಕ ‘ಹೊನ್ಮಾ?’ ಮೂರ ಮಾತು. ಆ ಮೂರರ ಮ್ಯಾಲ ಒಂದು ವರ್ಷ ನಡಸೀನ್ರಿ. ಉಳದ ಮಾತು ತಾವ ಬಂದು ಬಿದ್ದುವು, ಸೆರಗಿಗೆ ಹತ್ತಿ ಹತ್ತಿದಂಗ.”

ಹೀಗೆ ಐದು ಸುಗ್ಗಿ. ನಲವತ್ತೊಂದರ ಡಿಸೆಂಬರಿನಲ್ಲಿ ಜಪಾನು ಯುದ್ಧಕ್ಕಿಳಿಯಿತು. ಅದೇ ವಾರ ಪೊಲೀಸರ ಮೋಟಾರು ದೇವದುರ್ಗದ ಮನೆಯ ಮುಂದೆ ನಿಂತಿತು. ತುಂಬಿಕೊಳ್ಳಲು ಒಂದು ಪೆಟ್ಟಿಗೆ, ಹೊರಡಲು ಒಂದು ತಾಸು. ಅಂಗಳದ ಹಗ್ಗದ ಮೇಲೆ ಉಪ್ಪಿನಕಾಯಿಯ ಮೂಲಂಗಿ ಒಣಗುತ್ತಿತ್ತು. ಮೋಟಾರು ಹತ್ತುವಾಗ ಒಕುಸಾನ್ ತಿರುಗಿ ಹೇಳಿದ ಮಾತು ಒಂದೇ: ನಾಳೆ ಮೂಲಂಗಿಯ ಮಗ್ಗಲು ಬದಲಿಸು. ಜಂಬಮ್ಮ ಹತ್ತು ದಿನ ಬದಲಿಸಿದಳು. ಹನ್ನೊಂದನೆಯ ದಿನ ಮನೆಯ ಮಾಲೀಕ ಬೀಗ ಹಾಕಿದ. ಗಂಡಹೆಂಡತಿಯನ್ನು ಎಲ್ಲಿಗೆ ಒಯ್ದರು, ಬದುಕಿದ್ದಾರೋ ಇಲ್ಲವೋ, ಹೇಳುವವರಿರಲಿಲ್ಲ. ಕೇಳುವಂತೆಯೂ ಇರಲಿಲ್ಲ; ಎರಡು ಸಲ ಚೌಕಿಗೆ ಕರೆಸಿ “ನೀ ಜಪಾನಿನ ಬೇಹಿನಾಕಿ ಏನು?” ಎಂದು ಆಕೆಯನ್ನೇ ಕೇಳಿದರು. “ನಾ ಅಡಿಗಿಮನಿ ಬಳಿಯಾಕಿ ಇದ್ನಿರಿ,” ಎಂದು ಹೇಳಿ ಬಿಡಿಸಿಕೊಂಡು ಜಂಬಮ್ಮ ರಾಯಚೂರಿನ ಜಿನ್ನು ಸೇರಿದಳು.

ಆರು ತಿಂಗಳು ಬಾಯಿ ಮುಚ್ಚಿಕೊಂಡಿದ್ದಳು. ಒಂದು ಬೆಳಗ್ಗೆ ನೆನಪಿನಲ್ಲಿ ಹುಡುಕಿದರೆ ಎಷ್ಟೋ ಜಪಾನಿ ಮಾತು ಸಿಗಲಿಲ್ಲ. “ಒಕುಸಾನ್ ಎಂದಾದ್ರೂ ಎದುರಿಗೆ ಬಂದ್ರ, ಇಲ್ಲಾ ಅವ್ರ ಸುದ್ದಿ ಬಲ್ಲಾವ್ರು ಬಂದ್ರ, ಯಾವ ಬಾಯಿಲೆ ಕೇಳ್ಲಿ?” ಅಂದಿನಿಂದ ದಿನವೂ ಬೆಳಗ್ಗೆ, ಯಂತ್ರದ ಸದ್ದು ಏಳುವ ಮುಂಚೆ, ಹತ್ತಿಯ ಜೊತೆ ಮಾತು. ಹೇಳುವವಳೂ ತಾನೇ, ಹ್ಞೂಂ ಅನ್ನುವವಳೂ ತಾನೇ. ಯುದ್ಧ ಮುಗಿಯಿತು. ನಿಜಾಮರ ಕೊನೆಯ ವರ್ಷದ ಗದ್ದಲದಲ್ಲಿ ಯಾಪಲದಿನ್ನಿಗೆ ಓಡಿದವಳು ತಿರುಗಿ ಬಂದಳು. ಎಂಟು ವರ್ಷ ಹೀಗೇ. ದಣಿದ ಬಾಯಿ, ದಣಿದ ಕೈ; ಎರಡೂ ನಿಲ್ಲಲಿಲ್ಲ.

ಈ ಸಲ ದಸರೆಯ ಹೊತ್ತಿಗೆ ಮುಂಬಯಿಯಿಂದ ಕಾಗದ ಬಂತು: ಜಪಾನಿನ ಹತ್ತಿ ಖರೀದಿದಾರರೊಬ್ಬರು ರಾಯಚೂರಿಗೂ ಬರುತ್ತಾರೆ. ಮ್ಯಾನೇಜರು ಸತ್ತಾರ್ ಸಾಬ್ ಗುಮಾಸ್ತ ವಾದಿರಾಜರನ್ನು ಕರೆದರು. ಮಾನ್ವಿಯ ವೈಷ್ಣವ ಮನೆತನ, ಹೈದರಾಬಾದಿನ ಬಿ.ಎ., ಇಪ್ಪತ್ತಾರರ ಹುರುಪು. “ಆಚಾರ್‌ಜೀ, ಇನ್ನು ನೀವ ನಮ್ಮ ದುಭಾಷಿ. ಜಿನ್ನಿನ ಇಜ್ಜತ್ ನಿಮ್ಮ ನಾಲಿಗಿ ಮ್ಯಾಲ ಅದ,” ಎಂದರು. ವಾದಿರಾಜರು ಮದ್ರಾಸಿನಿಂದ ಪುಸ್ತಕ ತರಿಸಿ ಬಾಯಿಪಾಠ ಹೊಡೆದರು. “ವತಕುಶಿ ವ ವಾದಿರಾಜ ದೆ ಗೊಜಾಯಿಮಸು” ಎಂದು ತಮ್ಮ ಹೆಸರು ಹೇಳಲು ಅವರು ಶುರು ಮಾಡಿದರೆ, ಸಂಕಲ್ಪ ಮುಗಿಯಿತು, ಇನ್ನು ಕೈಯಲ್ಲಿ ನೀರು ಬಿಡುವುದೊಂದು ಬಾಕಿ ಎನಿಸುತ್ತಿತ್ತು. ಅವರದು ಜಪ, ಜಂಬಮ್ಮನದು ಜಪಾನಿ.

ಅದು ಅವರಿಗೂ ತಿಳಿಯಿತು. ಒಂದು ಮುಂಜಾನೆ ಬೇಗ ಬಂದವರು ಕಟ್ಟೆಯ ಕಡೆಯಿಂದ ತಮ್ಮ ಪುಸ್ತಕದ ಮಾತನ್ನೇ ಯಾರೋ ನಗುತ್ತ ಆಡಿದಂತೆ ಕೇಳಿ ನಿಂತರು. ಮರುದಿನದಿಂದ ಬುಟ್ಟಿ ಬೋರಲು ಹಾಕಿ ಜಂಬಮ್ಮನ ಎದುರಿಗೆ ಕೂತರು.

“ಬಾಯಿ ತೆರದ್ರ ಮುಚ್ಚಂಗಿಲ್ಲ ನೀವು, ಆಚಾರ್ರೇ,” ಎಂಬುದು ಮೊದಲ ಪಾಠ. “ಎದುರಿಗಿನವ್ರು ಎಲ್ಲಿ ಉಸುರು ತಗೋತಾರ ನೋಡ್ರಿ. ಅಲ್ಲಿ ಒಂದು ಇಡ್ರಿ. ‘ಹೇ...’”

“ಹೇ!”

“ಎಮ್ಮಿ ಹೊಡ್ಯಾಕತ್ತೀರೇನ್ರಿ? ಮೆತ್ತಗ.”

“ಹೇಏ...”

“ಈಗ ಎಮ್ಮಿ ಬಂತು. ಇನ್ನೂ ಮೆತ್ತಗ. ಹತ್ತಿ ಮ್ಯಾಲ ಹತ್ತಿ ಇಟ್ಟಂಗ.”

“ಕಟ್ಟಿ ಮ್ಯಾಲ ಒಬ್ಬಾಕಿಗೆ ಜಿನ್ ಇತ್ತು, ಈಗ ಇಬ್ಬರಿಗೂ ಹತ್ತಿತು,” ಎಂದಳು ಹಾಜಿರಾ ಬೀ.

ಇಪ್ಪತ್ತು ಮುಂಜಾನೆ ಪಾಠ ನಡೆಯಿತು. ಗುರುದಕ್ಷಿಣೆ ಏನು ಎಂದು ವಾದಿರಾಜರು ಕೇಳಿದರೆ ಜಂಬಮ್ಮ ತನಬೆಯವರ ಮನೆಯಾಕೆಯನ್ನು ವಿಚಾರಿಸುವ ತನ್ನ ಒಂದು ವಾಕ್ಯ ಹೇಳಿದಳು. “ಆ ಖರೀದಿದಾರ್ರು ಬಂದ ದಿನ ನಾನ ಅವರನ್ನ ನಿನ್ನ ಕಟ್ಟಿತನಕ ಕರಕೊಂಡು ಬರ್ತೀನಿ, ಜಂಬಮ್ಮ. ನೀ ಬಾಯಿಬಿಟ್ಟು ಕೇಳು,” ಎಂದು ಅವರು ಮಾತು ಕೊಟ್ಟರು.

ನವೆಂಬರಿನ ಕೊನೆಗೆ ನಿಶಿಕಾವಾ ಎಂಬ ಆ ಖರೀದಿದಾರರು ಬಂದರು. ತೆಳ್ಳನೆಯ ಮೈ, ದೊಗಳೆ ಕೋಟು. ವಾದಿರಾಜರ ಸ್ವಾಗತಕ್ಕೆ ಅಳೆದಷ್ಟೇ ಬಗ್ಗಿ, ಇಂಗ್ಲಿಷಿನಲ್ಲಿ ಉತ್ತರ ಹೇಳಿ, ಗಡಿಯಾರ ನೋಡಿಕೊಂಡರು. ಒಂದು ತಾಸಿನಲ್ಲಿ ಮದ್ರಾಸ್ ರೈಲು. ವಾದಿರಾಜರು ಬೆವರೊರೆಸಿಕೊಂಡು, ಕೊಟ್ಟ ಮಾತಿನಂತೆ ಕಟ್ಟೆಯ ಕಡೆ ನಡೆಸಿದರು. ನಿಶಿಕಾವಾ ಒಂದು ಹಿಡಿ ಹತ್ತಿ ಎತ್ತಿ, ಹೆಬ್ಬೆರಳುಗಳ ನಡುವೆ ಎಳೆಯನ್ನು ಜಗ್ಗಿ ನೋಡುತ್ತಿದ್ದಾಗ ಜಂಬಮ್ಮ ಕೂತಲ್ಲಿಂದಲೇ ಅಂದಳು:

“ಒಹಯೋಸನ್. ಸಮೂ ನರಿಮಶಿತ ನಾ.”

ಬೆಳಗಾಯಿತು, ಚಳಿ ಬಿತ್ತು ನೋಡ್ರಿ. ಅಷ್ಟೇ. ಅವರ ಬೆರಳು ನಿಂತಿತು. ಒಕುಸಾನ್ ಒಸಾಕಾ ಪಟ್ಟಣದವಳು, ಅಲ್ಲಿನ ಹತ್ತಿ ವ್ಯಾಪಾರಿಗಳ ಓಣಿಯವಳು. ಜಂಬಮ್ಮ ಕಲಿತದ್ದು ಪುಸ್ತಕದ ಜಪಾನಿಯಲ್ಲ, ಆ ಓಣಿಯ ಮಾತು. ನಿಶಿಕಾವಾ ಅದೇ ಪಟ್ಟಣದವರು. ನೀವು ಯಾವ ಓಣಿಯವರು ಎಂದು ಕೇಳಿದರು. “ಯಾಪಲದಿನ್ನಿ ದಸು,” ಎಂದಳು ಈಕೆ. ಅವರು ನಕ್ಕರು, ಹತ್ತಿಯ ಚೀಲದ ಮೇಲೆ ಕುಸಿದು ಕೂತರು, ಮಾತಾಡತೊಡಗಿದರು.

ಜಂಬಮ್ಮನ ನಾಲಿಗೆಯ ತುದಿಯಲ್ಲಿ ಎಂಟು ವರ್ಷದ ವಾಕ್ಯವಿತ್ತು. ಮೊದಲ ಉಸಿರಿಗೆ ಕೇಳಬೇಕೆಂದಿದ್ದಳು, ಬಾಯಿಂದ ಬಂದದ್ದು “ಹೇ...”. ಎರಡನೆಯದಕ್ಕೆ “ಸಾಯೋಕಾ”. ಆಮೇಲೆ ಕತೆ ಹೊಳೆಯಂತೆ ಹರಿಯಿತು. ಆ ಕತೆಯನ್ನು ಜಂಬಮ್ಮ ಈಗ ಹೀಗೆ ಹೇಳುತ್ತಾಳೆ:

“ಅವ್ರ ಮನಿ ಹಿಂದ ಕಾಲುವಿ ಇತ್ತಂತ್ರಿ. ಯುದ್ಧದಾಗ ಊರಿಗೆ ಬಾಂಬಿನ ಬೆಂಕಿ ಬಿದ್ದ ದಿನ ಅವ್ವನ್ನ ಬೆನ್ನ ಮ್ಯಾಲ ಹೊತಗೊಂಡು ನೀರಿಗೆ ಇಳದ್ರಂತ. ಧೈರ್ಯ ಹೋಗಬಾರದು ಅಂತ ಇವ್ರು ಏನರ ಹೇಳಿಕೋತ ನಡದ್ರಂತ, ಆಕಿ ಬೆನ್ನ ಮ್ಯಾಲಿಂದ ಹ್ಞೂಂ ಅನಕೋತ. ಸೇತುವಿ ದಾಟೂತನಕ ಹ್ಞೂಂ ಅಂದಾಳ. ಆಮ್ಯಾಲ ನಿಂತದ.”

ಸತ್ತಾರ್ ಸಾಬ್ ದೂರದಲ್ಲಿ ಗಡಿಯಾರ ತೋರಿಸುತ್ತಿದ್ದರು. ವಾದಿರಾಜರು ನಿಶಿಕಾವಾ ಅವರ ಬೆನ್ನ ಹಿಂದೆ ನಿಂತು, “ಕೇಳು, ಈಗರೆ ಕೇಳು,” ಎಂದು ಕೈಸನ್ನೆ ಮಾಡಿದರು. ಹಾಜಿರಾ ಬೀ ಸೆರಗು ಜಗ್ಗಿದಳು. ನಿಶಿಕಾವಾ ಇನ್ನೂ ಮರುದಿನದ ಬೂದಿಯ ಸುದ್ದಿಯಲ್ಲಿದ್ದರು. ಮೋಟಾರು ಹಾರ್ನ್ ಹೊಡೆಯಿತು, ಮತ್ತೆ ಹೊಡೆಯಿತು. ಜೊತೆಗೆ ಬಂದಿದ್ದ ಕಂಪನಿಯವರು ಅವರ ತೋಳು ಹಿಡಿದು ಎಬ್ಬಿಸಿದರು. ಹೊರಡುವ ಮುಂಚೆ ಅವರು ಜಂಬಮ್ಮನಿಗೆ ಬಗ್ಗಿದ್ದು ಅಳತೆ ಮೀರಿತ್ತು. “ಓಕಿನಿ,” ಎಂದರು. ಉಪಕಾರವಾಯಿತು ಎಂದು ಒಸಾಕಾದವರು ಹೇಳುವ ಮಾತು. ಗೇಟಿನ ಧೂಳು ಅಡಗಿದಾಗ ಕಟ್ಟೆಯ ಮೇಲೆ ಆ ವಾಕ್ಯ ಇದ್ದಲ್ಲೇ ಇತ್ತು.

“ಕೇಳಲೇ ಇಲ್ಲಲ್ಲ ಜಂಬಮ್ಮ!” ವಾದಿರಾಜರಿಗೆ ಅಳು ಬರುವುದೊಂದು ಬಾಕಿ. “ಎಂಟು ವರ್ಷ ಕಾದಿದ್ದಿ. ಒಂದು ಮಾತು!”

“ಎಲ್ಲಿ ಕೇಳ್ಲಿ ಯಪ್ಪಾ? ಅವರವ್ವ ನಡುವ ಹ್ಞೂಂ ನಿಲ್ಲಿಸಿ ಹೋದ್ಲು. ನಾನೂ ನಿಲ್ಲಿಸ್ಲೇನು?”

ವಾದಿರಾಜರ ಕೈಯಲ್ಲಿ ಉಳಿದದ್ದು ನಿಶಿಕಾವಾ ಅವರ ವಿಳಾಸದ ಒಂದು ಚೀಟಿ. ಆ ವಿಳಾಸಕ್ಕೆ ಅವರು ಇಂಗ್ಲಿಷಿನಲ್ಲಿ ಕಾಗದ ಬರೆದು ಮೂರು ವಾರವಾಗಿದೆ. ತನಬೆಯವರ ಮನೆಯಾಕೆಯ ಸುದ್ದಿ ತಿಳಿದರೆ ತಿಳಿಸಿ ಎಂದು. ಉತ್ತರವಿಲ್ಲ. ಜಂಬಮ್ಮನಿಗೆ ಯಾರೂ ಹೊಸ ಕೆಲಸ ಕೊಟ್ಟಿಲ್ಲ, ಹೊಸ ಕುರ್ಚಿ ಹಾಕಿಲ್ಲ. ಸತ್ತಾರ್ ಸಾಬ್ ಮಾತ್ರ ಹೋಗುತ್ತ ಬರುತ್ತ “ಹೇ ಜಂಬಮ್ಮ” ಎನ್ನುತ್ತಾರೆ, ಅದೂ ಎಮ್ಮೆ ಹೊಡೆಯುವ ಹಾಗೆಯೇ. ಕೆಮ್ಮು ಈ ಚಳಿಗೆ ಹೆಚ್ಚಾಗಿದೆ.

ಆದರೂ ಬೆಳಗಿನ ಐದೂವರೆಗೆ ಬುಟ್ಟಿ ಬೋರಲಾಗುತ್ತದೆ. ಬರುವ ಪರದೇಶಿ ಯಾರೂ ಇಲ್ಲ, ವಾದಿರಾಜರು ಬರುತ್ತಾರೆ. ಪುಸ್ತಕ ತರುವುದಿಲ್ಲ. ಜಂಬಮ್ಮ ಹತ್ತಿ ಆರಿಸುತ್ತ ಒಕುಸಾನ್ ಹೇಳಿದ ಹಳೆಯ ಸುದ್ದಿಗಳನ್ನು ಒಕುಸಾನ್ ದನಿಯಲ್ಲೇ ಹೇಳುತ್ತಾಳೆ. ಆಕೆ ಉಸಿರು ಎಳೆದಲ್ಲಿ ಬಿ.ಎ. ಗುಮಾಸ್ತರು ಮೆತ್ತಗೆ “ಹೇ...” ಎನ್ನುತ್ತಾರೆ. ಎಂಟು ವರ್ಷದಲ್ಲಿ ಮೊದಲ ಸಲ ಎರಡೂ ಕೆಲಸ ಆಕೆಯೊಬ್ಬಳ ಬಾಯಿಗೆ ಬಿದ್ದಿಲ್ಲ.

“ಮುಂದಿನ ಸುಗ್ಗಿಗೆ ಆ ಒಸಾಕಾದವ್ರು ಬಂದ್ರ ನಾ ಮೊದಲ ಕೇಳಾಕಿ, ಆಮ್ಯಾಲ ಅವ್ರು ಹೇಳ್ಲಿ,” ಎನ್ನುತ್ತಾಳೆ ಜಂಬಮ್ಮ. ಗೇಟು ತೆರೆದಿದೆ, ದೇವದುರ್ಗದ ಬಂಡಿಗಳು ಒಳಗೆ ಬರುತ್ತಿವೆ. ಆಕೆ ಹೊಸ ರಾಶಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಾಳೆ. ಒಂದು ಒಣ ಎಲೆ ಕಿತ್ತು ಪಕ್ಕಕ್ಕೆಸೆದು ಹೇಳುತ್ತಾಳೆ:

“ಅವತ್ತು ಅವ್ರು ಕತಿ ಹೇಳಿದ್ದು ಇಪ್ಪತ್ತು ನಿಮಿಷ ಅಂತ ಸತ್ತಾರ್ ಸಾಬ್ರು ಗಡಿಯಾರ ನೋಡಿ ಹೇಳ್ಯಾರ್ರಿ. ಅಷ್ಟೂ ಹೊತ್ತಿನಾಗ ನನ್ನ ಹ್ಞೂಂ ಒಂದೂ ತಪ್ಪು ಜಾಗದಾಗ ಬಿದ್ದಿಲ್ಲ.”